ತುಳುಕದ ಮಜ್ಜಿಗೆ

ಅವರ ಬಲಗೈ ಹೆಬ್ಬೆರಳಿನ ಉಗುರು ಹುಣಸೆಬೀಜದ ಹಾಗೆ ಕಪ್ಪಗೆ ಹೊಳೆಯುತ್ತಿತ್ತು. ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ಆ ಉಗುರಿನಿಂದ ತಮ್ಮ ಹಳೇ ಕಾರಿನ ಬಾನೆಟ್ ತಟ್ಟಿ ಕಣ್ಣು ಮುಚ್ಚಿ ಆಲಿಸುತ್ತಿದ್ದರು, ಒಳಗೆ ಯಾರೋ ಮಲಗಿದ್ದಾರೆ ಎನ್ನುವ ಹಾಗೆ.

ಬ್ಯಾಂಕಿನ ವರ್ಗಾವಣೆ ನನ್ನನ್ನು ತೆಲುಗು ನಾಡಿನ ಗಾಜುವಾಕಕ್ಕೆ ತಂದಾಗ ಅವರ ಮಾಳಿಗೆ ಬಾಡಿಗೆಗೆ ಸಿಕ್ಕಿತು. ಬೀದಿಯವರೆಲ್ಲ ಕರೆಯುವಂತೆ ನಾನೂ ಅವರನ್ನು ಬಾಬಾಯಿ ಎಂದೆ, ಅಂದರೆ ಚಿಕ್ಕಪ್ಪ. ಅವರ ಹೆಂಡತಿ ಪಿನ್ನಿ, ಅಂದರೆ ಚಿಕ್ಕಮ್ಮ, ಆದರು. ಬಾಬಾಯಿಯ ತಾಯಿ ಕೋಲಾರದ ಕಡೆಯವರು. ಆಕೆ ಹೋದ ಮೇಲೆ ಅವರ ಕನ್ನಡಕ್ಕೆ ನಾನೇ ಜೊತೆ. ನನ್ನಪ್ಪ ಹಮಾಲಿ ಮಾಡಿ ನನ್ನನ್ನು ಓದಿಸಿದ್ದು, ನಮ್ಮ ವಂಶಕ್ಕೆ ನಾನೇ ಮೊದಲ ಪದವೀಧರ ಎಂದು ತಿಳಿದ ಮರುದಿನವೇ ನನ್ನನ್ನು ತಡೆದು ಹೇಳಿದರು: "ಬೀದಿಗೆಲ್ಲ ಹೇಳ್ಬಿಟ್ಟಿದ್ದೀನಿ, ನಮ್ಮ ಮಾಳಿಗೆ ಮೇಲೆ ಡಿಗ್ರಿ ಐತೆ ಅಂತ. ಎದೆ ಎತ್ಕೊಂಡು ಓಡಾಡೋ."

ಪಿನ್ನಿಗೆ ಬೆನ್ನಿನ ಆಪರೇಷನ್ ಆಗಿತ್ತು. ವಿಜಯವಾಡದಲ್ಲಿ ಅವರ ಅಕ್ಕ ಹಾಸಿಗೆ ಹಿಡಿದಿದ್ದರು. ಉಸಿರಿರುವಾಗಲೇ ಅಕ್ಕನ ಮುಖ ನೋಡಬೇಕು ಎಂಬುದೊಂದೇ ಪಿನ್ನಿಯ ಹಂಬಲ. ಆದರೆ ಹಳ್ಳ ಬಂದಾಗಲೆಲ್ಲ ಕಾರಿನ ಮುಂಚಕ್ರ ಟಕ್ ಎನ್ನುತ್ತಿತ್ತು, ಪಿನ್ನಿ ತುಟಿ ಕಚ್ಚುತ್ತಿದ್ದರು.

"ಚಕ್ರದ ಕೀಲು, ಬಾಲ್ ಜಾಯಿಂಟ್, ಸವೆದೈತೆ. ಅವಳ ಬೆನ್ನಿನ ವಿಷ್ಯ, ಹೊಸದು ನಾನೇ ಹಾಕ್ತೀನಿ" ಎಂದರು ಬಾಬಾಯಿ.

ಒಂದು ಭಾನುವಾರ ಅಂಗಳದಲ್ಲಿ ಕಾರು ಎತ್ತಿದೆವು. ಜಾಕ್ ಜಾರಿದರೂ ಕಾರು ನೆಲಕ್ಕೆ ಬೀಳದಂತೆ, ಬಿಚ್ಚಿದ ಚಕ್ರವನ್ನು ಅವರು ಕಾರಿನಡಿಗೇ ತಳ್ಳಿದರು. "ಜಾಕ್ ನಿದ್ದೆ ಮಾಡ್ತದೆ. ಚಕ್ರ ಮಾಡಲ್ಲ."

ನಾನು ಅಂಗಿಯ ತೋಳು ಮಡಚಿದೆ.

"ಆಫೀಸರ್ರು ಮಸಿ ಮುಟ್ಟಬಾರ್ದು ಕಣೋ."

"ಇದು ಅಪ್ಪನ ಜೊತೆ ಮೂಟೆ ಹೊತ್ತ ಕೈ, ಬಾಬಾಯ್."

"ಹಂಗಾದ್ರೆ ಹಿಡಿ ಸುತ್ತಿಗೆ."

ನಟ್ಟು ಬಿಚ್ಚಿದರೂ ಹಳೇ ಜಾಯಿಂಟ್ ಕೂತ ಜಾಗ ಬಿಡಲಿಲ್ಲ. ಪಕ್ಕದಿಂದ ಬಡಿದೆ, ಮತ್ತೆ ಬಡಿದೆ. ಕಡಲ ಗಾಳಿ ಬೀಸಿ, ಹಗ್ಗದ ಮೇಲಿನ ಸೀರೆಗಳು ನಮ್ಮ ತಲೆ ಸವರಿ ಹೋಗುತ್ತಿದ್ದವು. ಟಣ್ ಎಂದು ಅದು ಸಡಿಲವಾದಾಗ ಬಾಬಾಯಿ ಅಂಗೈಯಲ್ಲಿಟ್ಟು ತೋರಿಸಿದರು: ನಿದ್ದೆಗಣ್ಣಿನ ಮಗುವಿನ ಕತ್ತಿನಂತೆ ಅತ್ತ ಇತ್ತ ವಾಲುತ್ತಿತ್ತು. ಎರಡೂ ಕಡೆ ಹೊಸದು ಕೂರಿಸುವಷ್ಟರಲ್ಲಿ ಬಿಸಿಲು ಜೇನಿನ ಬಣ್ಣಕ್ಕೆ ತಿರುಗಿತ್ತು.

ಅವರ ಪರೀಕ್ಷೆ ಬೇರೆಯೇ. ಹಿಂದಿನ ಸೀಟಿನಲ್ಲಿ ಪಿನ್ನಿಯನ್ನು ಕೂರಿಸಿ, ಅಂಚಿನವರೆಗೆ ಮಜ್ಜಿಗೆ ತುಂಬಿದ ಲೋಟ ಕೈಗೆ ಕೊಟ್ಟು, ಹಂಪುಗಳ ರಸ್ತೆಗೇ ಕಾರು ಬಿಟ್ಟರು. ಮೊದಲ ಹಂಪು ಹತ್ತಿರವಾದಾಗ ನಾನು ಹಿಂದಿರುಗಿ ನೋಡಿದೆ. ಪಿನ್ನಿ ಗಟಗಟನೆ ಅರ್ಧ ಲೋಟ ಕುಡಿದು, ತುಟಿಗೆ ಬೆರಳಿಟ್ಟು ಪಿಸುಗುಟ್ಟಿದರು: "ಚೆಪ್ಪಕು ಬಾಬೂ." ಹೇಳಬೇಡ ಎಂದು.

"ಚೆಲ್ಲಿತೇನೇ?" ಬಾಬಾಯಿ ಕೇಳಿದರು.

"ಒಂದು ಹನಿಯೂ ಇಲ್ಲ" ಎಂದರು ಪಿನ್ನಿ.

ಅವರು ಸ್ಟೀರಿಂಗ್ ತಟ್ಟಿ ನಕ್ಕ ನಗು ಈಗಲೂ ಕಿವಿಯಲ್ಲಿದೆ. ಆ ವಾರವೇ ನಾವು ವಿಜಯವಾಡಕ್ಕೆ ಹೋದೆವು. ಅಕ್ಕತಂಗಿಯರು ಹಿಡಿದ ಕೈಯನ್ನು ಸಂಜೆಯವರೆಗೆ ಬಿಡಲಿಲ್ಲ. ಬಾಬಾಯಿ ಬಾಗಿಲಲ್ಲಿ ನಿಂತು ಉಗುರಿನ ಮಸಿ ಕೆರೆಯುತ್ತಿದ್ದರು.

ಕಳೆದ ವರ್ಷ ಅವರು ನಿದ್ದೆಯಲ್ಲೇ ಹೋದರು. ಭೀಮುನಿಪಟ್ಟಣದ ಕಡಲಿಗೆ ಅಸ್ಥಿ ಬಿಡಲು ಅದೇ ಕಾರನ್ನು ನಾನು ನಡೆಸಿದೆ. ಪಿನ್ನಿಯ ಮಡಿಲಲ್ಲಿ ಬಟ್ಟೆ ಕಟ್ಟಿದ ಪುಟ್ಟ ಕುಡಿಕೆ. ದಾರಿಯ ಹಂಪನ್ನು ಕಾರು ಸದ್ದಿಲ್ಲದೆ ದಾಟಿತು. ಕುಡಿಕೆಯ ಮೇಲಿಟ್ಟ ಕೈ ಕದಲಲಿಲ್ಲ.

"ಅವತ್ತು ನಾನು ಕುಡಿಯದಿದ್ದರೂ ಚೆಲ್ಲುತ್ತಿರಲಿಲ್ಲ, ಬಾಬೂ" ಎಂದರು ಪಿನ್ನಿ.