ವೀಳ್ಯದ ತಟ್ಟೆ ಹಿಡಿದ ಸಿಡುಕು ಮುಖ

ಪಾರ್ಕಿನ್ಸನ್ ಅಂದರೆ ಕೈ ನಡುಗುವುದು ಅಂತಲೇ ಎಲ್ಲರೂ ತಿಳಿದಿದ್ದಾರೆ. ನನ್ನ ಕೈಯೂ ನಡುಗುತ್ತದೆ, ಅದು ಹಾಳಾಗಿ ಹೋಗಲಿ. ಕಾಯಿಲೆ ನಿಜವಾಗಿ ವಕ್ಕರಿಸಿದ್ದು ಮುಖಕ್ಕೆ. ಒಳಗೆ ಹೊಟ್ಟೆ ಹುಣ್ಣಾಗುವಷ್ಟು ನಗು ಬಂದರೂ ಹೊರಗೆ ಮೂತಿ ಬಿಗಿದೇ ಇರುತ್ತದೆ. ಬಂಡಳ್ಳಿಯಲ್ಲಿ ಯಾರ ಮನೆಗೆ ಉಣ್ಣಲು ಹೋದರೂ ‘ಸಾರು ಸಂದಾಗಿಲ್ವಾ?’ ಎಂದೇ ಕೇಳುತ್ತಾರೆ. ಮೊದಲೇ ನಾನು ಮುಂಗೋಪಿ. ಚೆನ್ನಾಗಿದೆ ಎಂದು ಎಷ್ಟು ಸಲ ಹೇಳಲಿ!

ಹೆಂಡತಿ ಕೊಳ್ಳೇಗಾಲಕ್ಕೆ ಎಳೆದೊಯ್ದಳು. ಅಲ್ಲಿ ಈ ಕಾಯಿಲೆಯವರನ್ನು ಕೂರಿಸಿ ಮಾತಾಡಿಸುವ ಆಪ್ತಸಲಹೆಗಾರ್ತಿ ಒಬ್ಬಳಿದ್ದಾಳೆ, ನನ್ನ ಮಗಳ ವಯಸ್ಸು. ‘ಮುಖ ಹೇಳದೇ ಇದ್ದದ್ದನ್ನ ಬಾಯಲ್ಲಿ ಹೇಳಿ ಸಾ. ಖುಷಿಯಾದ್ರೆ ಖುಷಿಯಾಗಿದೆ ಅನ್ನಿ, ಜೋರಾಗಿ ಅನ್ನಿ,’ ಎಂದಳು. ನನಗೆ ರೇಗಿತು. ನಗುವುದನ್ನೂ ಯಾರಾದರೂ ಟಾಂ ಟಾಂ ಹೊಡೆಯುತ್ತಾರೆಯೇ? ಬಸ್ಸು ಹನೂರು ಮುಟ್ಟುವವರೆಗೂ ಗೊಣಗಿದೆ.

ಆಮೇಲೆ ಮಗಳಿಗೆ ಯಳಂದೂರು ಕಡೆಯ ಸಂಬಂಧ ಬಂತು. ಹುಡುಗ ನನಗೆ ಬಹಳ ಹಿಡಿಸಿದ. ಕಾಯಿಲೆಯ ವಿಷಯ ಬೀಗರಿಗೆ ಹೇಳಲು ಮಾತ್ರ ನನಗೆ ಬಿಗುಮಾನ. ವೀಳ್ಯ ಬದಲಾಯಿಸುವ ದಿನ ಎಲೆ ಅಡಿಕೆಯ ತಟ್ಟೆಯನ್ನು ಹೆಣ್ಣಿನ ತಂದೆ ನಗುಮುಖದಿಂದ ಕೊಡಬೇಕು. ಗಂಟುಮುಖದಲ್ಲಿ ಕೊಟ್ಟರೆ ಒಲ್ಲೆ ಎಂದೇ ಅರ್ಥ. ತಟ್ಟೆ ಹಿಡಿದೆ, ಅಡಿಕೆ ಗಲಗಲ ಎಂದಿತು. ಹುಡುಗನ ಅಜ್ಜ ನನ್ನ ಮುಖ ನೋಡಿದರು, ಕೈ ಚಾಚದೆ ತಮ್ಮವರತ್ತ ತಿರುಗಿದರು.

‘ಯಜಮಾನ್ರು ಕ್ವಾಪದಲ್ಲಿ ನಡುಗ್ತಾವ್ರೆ ಕಣ್ರಿ. ಒಲ್ಲದ ಮನೆ ಎಣ್ಣು ನಮ್ಗ್ಯಾಕೆ? ಏಳ್ರಲಾ, ಓಗವ.’

ಎಲ್ಲರೂ ಎದ್ದು ಚಪ್ಪಲಿ ಹುಡುಕತೊಡಗಿದರು. ಅಯ್ಯೋ ಶಿವನೇ, ಮಗಳ ಮದುವೆ ನನ್ನ ಮೂತಿಯಿಂದ ಮುರಿಯುತ್ತಿದೆ! ಹೊಲದಾಚೆಯ ಎತ್ತನ್ನು ಗದರುವಂತೆ ಕೂಗಿದೆ.

‘ನಂಗೆ ಕುಸಿಯಾಗೈತೆ ಕಣ್ರೀ! ಬಾಳ ಕುಸಿ! ಒಳಗೇ ನಗ್ತಾ ಇವ್ನಿ! ಮೊಖಕ್ಕೆ ಕಾಯ್ಲೆ!’

ಅಜ್ಜ ಬೆಚ್ಚಿಬಿದ್ದು ಮತ್ತೆ ಚಾಪೆಯ ಮೇಲೆ ಕುಳಿತರು. ‘ಕುಸಿಯಾದ್ರೆ ಇಂಗ್ ಬೈಯದಾ ಸಿವಾ!’ ಎಂದರು. ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು, ಬೀಗರೂ ನಕ್ಕರು. ತಟ್ಟೆ ಕೈ ಬದಲಾಯಿತು.

ಅವರನ್ನು ಕಳಿಸಿ ಒಳಗೆ ಬಂದರೆ ಅಡುಗೆಮನೆಯ ಬಾಗಿಲಲ್ಲಿ ಮಗಳು ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೆ ಗಾಬರಿಯಾಯಿತು. ಹುಡುಗ ಇಷ್ಟವಿಲ್ಲವೇನವ್ವಾ ಎಂದೆ.

‘ಬಾಳ ಇಷ್ಟ ಕಣಪ್ಪಾ. ನಿಂಗೆ ಕಾಯ್ಲೆ ಅಂತ ಗೊತ್ತು, ಆದ್ರೂ ನಿನ್ ಮೊಖ ನೋಡ್ದಾಗ ನಂಬಕಾಗಕಿಲ್ಲ. ಅವ್ರು ಎದ್ದಾಗ, ನಮ್ಮಪ್ಪುಂಗೆ ಒಪ್ದೇ ಇರೋದು ನಂಗೂ ಬ್ಯಾಡ ಬುಡು ಅಂದ್ಕಂಡು ಇಲ್ಲೇ ನಿಂತಿದ್ದೆ.’