ಸಗಟಿನಲ್ಲಿ ಕೊಂಡ ಫೀಲ್ಡರ್

ಮೂರು ಸೀಸನ್ನಿಗೆ ಒಂದು ಲಕ್ಷ ಎಂಬತ್ತು ಸಾವಿರ ಕೊಟ್ಟೆ, ಅದೂ ಮುಂಗಡವಾಗಿ. ಒಂದು ಸೀಸನ್ನಿಗೆ ಅವನು ಕೇಳಿದ್ದು ಎಪ್ಪತ್ತೈದು ಸಾವಿರ. ನಾನು ಭಾಲ್ಕಿ ಕಡೆಯವನು, ಗಡಿಯಾಚೆ ಮರಾಠಿ ಸೀಮೆಯ ವಾಳೂಜ್‌ನ ಕಾರ್ಖಾನೆಗಳಿಗೆ ರಟ್ಟಿನ ಪೆಟ್ಟಿಗೆ ಪೂರೈಸಿ ಮೇಲೆ ಬಂದವನು. ಕಾಗದವಾಗಲಿ ಅಂಟಾಗಲಿ, ಸಗಟಿನಲ್ಲಿ ಕೊಂಡರೆ ದರ ಇಳಿಯುತ್ತದೆ ಎಂಬುದು ನಾನು ಕಲಿತ ವಿದ್ಯೆ. ಮನುಷ್ಯನನ್ನೂ ಹಾಗೇ ಕೊಂಡೆ.

ನಮ್ಮದು ಬೀದರ್, ಕಲಬುರಗಿ ಕಡೆಯವರ ಟೆನಿಸ್ ಬಾಲ್ ಕ್ರಿಕೆಟ್ ತಂಡ. ಚಳಿಗಾಲದಲ್ಲಿ ವಾಳೂಜ್‌ನ ಸಪ್ಲೈಯರುಗಳ ನಡುವೆ ಪಂದ್ಯಾವಳಿ ನಡೆಯುತ್ತದೆ. ತಂಡಕ್ಕೊಬ್ಬನಂತೆ ಹೊರಗಿನ ಆಟಗಾರನನ್ನು ದುಡ್ಡು ಕೊಟ್ಟು ತರಬಹುದು. ನಾನು ತಂದವನು ನಾಸಿಕದವನು. ಅವನಪ್ಪ ಅಫಜಲಪುರ ಬಿಟ್ಟು ಪಂಚವಟಿಯಲ್ಲಿ ನೆಲೆಸಿದವರು. ಮಗನಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಬಾಯಿಗೆ ಅರ್ಧ ಬರುತ್ತಿತ್ತು, ಉಳಿದರ್ಧ ಮರಾಠಿ. ಅವನು ಬೌಂಡರಿಯಲ್ಲಿ ಹಿಂದಕ್ಕೆ ಓಡಿ ಹಿಡಿದ ಒಂದು ಕ್ಯಾಚ್ ನೋಡಿ, ಮರುದಿನವೇ ಚಹಾ ಅಂಗಡಿಯಲ್ಲಿ ಚೌಕಾಶಿಗೆ ಕೂತೆ.

"ಮೂರ್ ಸೀಸನ್ ಒಮ್ಮೆಲೆ ಹೇಳು, ಅರವತ್ತರಂಗ ಕೊಡ್ತೀನಿ."

"ಚಲೇಗಾ ಕಾಕಾ. ಪಣ್ ಒಂದ್ ಮಾತು. ಎಲ್ಲಾ ಮ್ಯಾಚ್ ಆಡಸ್ಬೇಕ್ರಿ. ಹೊರಗ ಕೂಡಸಂಗಿಲ್ಲ."

"ಇಷ್ಟ್ ರೊಕ್ಕ ಕೊಟ್ಟು ಹೊರಗ್ಯಾಕ ಕೂಡಸ್ಲೋ?" ಎಂದು ನಕ್ಕು ಕೈ ಕೊಟ್ಟೆ. ನಲವತ್ತೈದು ಸಾವಿರ ಉಳಿಸಿದೆನೆಂದು ಊರೆಲ್ಲ ಹೇಳಿಕೊಂಡು ಬಂದೆ.

ಮೊದಲ ಸೀಸನ್ ಚೆನ್ನಾಗಿ ಹೋಯಿತು. ಎರಡನೆಯದರಲ್ಲಿ ಅವನ ಮೊಣಕಾಲು ಕೈಕೊಟ್ಟಿತು. ಮುಂದಕ್ಕೆ ಓಡುತ್ತಿದ್ದ, ತಿರುಗಲಾಗುತ್ತಿರಲಿಲ್ಲ. ನಮ್ಮ ಕ್ಯಾಪ್ಟನ್, ಕಲಬುರಗಿಯಿಂದ ವರ್ಗವಾಗಿ ಬಂದ ಬ್ಯಾಂಕಿನವರು, ಅವನನ್ನು ಮೈದಾನದ ಮೂಲೆ ಮೂಲೆಗೆ ಬಚ್ಚಿಟ್ಟು ನೋಡಿದರು. ಎದುರಾಳಿಗಳು ಕಂಡುಹಿಡಿದೇಬಿಟ್ಟರು. ಅವನು ನಿಂತ ಕಡೆಗೆ ಕೈ ತೋರಿಸಿ, "ಶೇಟಚ್ಯಾ ಗೋಡಾವನಲಾ ಮಾರ್ ರೇ!" ಎಂದು ಕೂಗುತ್ತಿದ್ದರು. ಶೇಟನ ಗೋಡೌನಿಗೆ ಹೊಡಿ ಎಂದು; ಶೇಟ್ ನಾನು, ಕೊಂಡ ಮಾಲು ಬಿದ್ದಿರುವ ನನ್ನ ಗೋಡೌನು ಅವನು. ಚೆಂಡು ಅಲ್ಲಿಗೇ ಬಂದು ಬೀಳುತ್ತಿತ್ತು.

ಮೂರನೆಯ ಸೀಸನ್ನಿನಲ್ಲಿ ಹೇಗೋ ಸೆಮಿಫೈನಲ್‌ಗೆ ಬಂದೆವು. ಕ್ಯಾಪ್ಟನ್ ನನ್ನ ಶೆಡ್ಡಿಗೆ ಬಂದರು.

"ಶೇಟ್ರ, ಅವ ಆಡಿದ್ರ ನಾ ಆಡಂಗಿಲ್ರಿ. ಹತ್ತು ಮಂದ್ಯಾಗ ಆಡಿ ಆಡಿ ಸಾಕಾಗ್ಯದ."

"ಮಾತು ಕೊಟ್ಟೀನ್ರಿ ಸಾಹೇಬ್ರ."

"ಮಾತು ನೀವ್ ಕೊಟ್ಟೀರಿ, ಓಡೋರು ನಾವು."

ನಾನು ನಾಸಿಕಕ್ಕೆ, ಅವನ ಮನೆಗೇ ಹೋದೆ. ಅವನ ತಾಯಿ ಒಳಗೆ ಸಾಬುದಾಣಿ ಖಿಚಡಿ ಮಾಡುತ್ತಿದ್ದರು. ಕೂತ ಕೂಡಲೇ ವಿಷಯ ತೆಗೆದೆ.

"ಈ ಮ್ಯಾಚ್ ಕೂತು ನೋಡು. ಮ್ಯಾಲ ಹತ್ತು ಸಾವಿರ ಕೊಡ್ತೀನಿ."

"ರೊಕ್ಕ ನಕೋ ಕಾಕಾ. ಮಾತಾಗಿತ್ತಲ್ರಿ."

ಹದಿನೈದಕ್ಕೆ ಏರಿಸಿದೆ. ಅದಕ್ಕೂ ನಕೋ ಎಂದ. ಆಗ ನನಗೆ ಹೊಳೆಯಿತು, ಇವನ ದರ ರೊಕ್ಕದಲ್ಲಿಲ್ಲ.

"ಕೋಚ್ ಅಂತ ಬ್ಯಾನರಿನ್ಯಾಗ ಹೆಸರು ಹಾಕಸ್ತೀನಿ."

"ಫೋಟೋ?"

"ಫೋಟೋನೂ."

"ಮಗ್ ಠೀಕ್, ಕೂಡ್ತೀನ್ರಿ," ಎಂದ. ಬ್ಯಾನರಿಗೆ ಬಿದ್ದದ್ದು ಆರುನೂರು ರೂಪಾಯಿ. ಇಷ್ಟು ಅಗ್ಗದ ವ್ಯವಹಾರ ನಾನು ಜನ್ಮದಲ್ಲಿ ಮಾಡಿರಲಿಲ್ಲ. ಖುಷಿಯಾಗಬೇಕಿತ್ತು, ಆಗಲಿಲ್ಲ. ದುಃಖವೂ ಆಗಲಿಲ್ಲ.

ತಾಯಿ ತಟ್ಟೆ ತಂದಿಟ್ಟರು. "ಕೋಚ್ ಅಂದ್ರ ದೊಡ್ಡದೇನ್ರಿ ಅಣ್ಣಾರ?"

"ದೊಡ್ಡದ್ರಿ ಅಕ್ಕಾರ," ಎಂದೆ. ತಟ್ಟೆ ಖಾಲಿಯಾಗುವವರೆಗೆ ತಿಂದೆ. ಉಪ್ಪಿತ್ತೋ ಇಲ್ಲವೋ ಈಗಲೂ ನೆನಪಿಲ್ಲ.

ಸೆಮಿಫೈನಲ್ ಗೆದ್ದೆವು. ಅವನು ಇಡೀ ಪಂದ್ಯ ತನ್ನ ಫೋಟೋದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಬೂಟಿನ ಲೇಸು ಬಿಗಿದು ಕೂತಿದ್ದ. ಯಾರೂ ಅವನನ್ನು ಏನೂ ಕೇಳಲಿಲ್ಲ. ಎಲ್ಲರೂ ಕುಣಿಯುತ್ತಿದ್ದಾಗ ಬ್ಯಾನರು ಬಿಚ್ಚಿ ಸುತ್ತಿಕೊಂಡು ನನ್ನ ಹತ್ತಿರ ಬಂದ.

"ಕಾಕಾ, ಇದು ಒಯ್ಲ್ಯಾ?"

"ಒಯ್ಯಿ," ಎಂದೆ. ಫೈನಲ್ಲಿಗೆ ಅವನು ಬರಲಿಲ್ಲ. ನಾವೂ ಫೋನು ಮಾಡಲಿಲ್ಲ.

ಆಟಕ್ಕೋ ಅಂಗಡಿಗೋ ನೀವೂ ಒಂದು ದಿನ ಯಾರನ್ನಾದರೂ ರೊಕ್ಕ ಕೊಟ್ಟು ತರುತ್ತೀರಿ. ವರ್ಷಕ್ಕೊಮ್ಮೆ ಮಾತಾಡಿ, ದರ ಹೆಚ್ಚಾದರೆ ಆಗಲಿ. ದರ ಇಳಿಸಿದವನು ಬದಲಿಗೆ ಕೇಳಿದ್ದನ್ನು ಪುಕ್ಕಟೆಯೆಂದು ತಿಳಿಯಬೇಡಿ. ಅವನಿಗೆ ನಿಜವಾಗಿ ಬೇಕಾದದ್ದು ಅದೇ. ಅವನನ್ನು ಬಿಡುವುದು ಹೇಗೆಂದು ಸೇರಿಸಿಕೊಳ್ಳುವ ದಿನವೇ ಇಬ್ಬರೂ ಬಾಯಿಬಿಟ್ಟು ಮಾತಾಡಿಕೊಳ್ಳಿ. ಮಾತಾಡಿಕೊಂಡಿಲ್ಲವೆಂದರೆ, ನೀನು ಬೇಡ ಎಂದು ಹೇಳುವ ದಿನ ಅವನನ್ನು ಹೊರಗೆಲ್ಲಾದರೂ ಕರೆಯಿರಿ. ಮನೆಗೆ ಮಾತ್ರ ಹೋಗಬೇಡಿ.