ಅಲಿಕುಂಞಿಯವರ ಸ್ಕೋರಿಂಗ್ ಸಬ್ಜೆಕ್ಟ್

ದುಬೈಯ ಅಲ್ ಕುಸೈಸಿನಲ್ಲಿ ಫ್ರೆಂಚ್ ಕಲಿಯುವ ಮಕ್ಕಳಿಗೆ ಲೆಕ್ಕವಿಲ್ಲ. ಫ್ರೆಂಚ್ ಬರುವ ಮಕ್ಕಳು ಮಾತ್ರ ಇಲ್ಲ. ಇದನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಹತ್ತೊಂಬತ್ತು ವರ್ಷದಿಂದ ಇಲ್ಲಿನ ಒಂದು ಇಂಡಿಯನ್ ಸ್ಕೂಲಿನಲ್ಲಿ ಆ ಫ್ರೆಂಚ್ ಕಲಿಸುತ್ತಿರುವವಳೇ ನಾನು. ಹೆಸರು ಮಾರ್ಗರೆಟ್, ಊರು ಪಾಣೆಮಂಗಳೂರು, ಫ್ರಾನ್ಸ್ ನೋಡಿದ್ದು ಕ್ಯಾಲೆಂಡರಿನಲ್ಲಿ. ಒಮ್ಮೆ ಮೆಟ್ರೋದಲ್ಲಿ ಒಬ್ಬ ಫ್ರೆಂಚ್ ಮುದುಕ ನನ್ನ ಕೈಯಲ್ಲಿದ್ದ ಪಠ್ಯಪುಸ್ತಕ ನೋಡಿ ಖುಷಿಯಿಂದ ಏನೋ ಕೇಳಿದ. ನಾನು ಮುಂದಿನ ಸ್ಟೇಷನ್ನಿನಲ್ಲೇ ಇಳಿದುಬಿಟ್ಟೆ. ನಾನು ಇಳಿಯಬೇಕಾದದ್ದು ಅದರಿಂದಾಚೆ ಮೂರನೆಯದರಲ್ಲಿ.

ಆದರೆ ನನ್ನ ಹತ್ತಿರ ಕಲಿತ ಮಕ್ಕಳಿಗೆ ನೂರಕ್ಕೆ ತೊಂಬತ್ತೈದರ ಕೆಳಗೆ ಬಂದದ್ದಿಲ್ಲ. ಹಿಂದಿಯಲ್ಲಾದರೆ ಪ್ರಬಂಧ ಬರೆಯಬೇಕು, ಕಾಗುಣಿತ ತಪ್ಪಿದರೆ ಮಾರ್ಕು ಹೋಗುತ್ತದೆ. ಫ್ರೆಂಚಿನಲ್ಲಿ ಗೆಳೆಯನಿಗೆ ಒಂದು ಪತ್ರ, ನನ್ನ ಕುಟುಂಬದ ಬಗ್ಗೆ ಹತ್ತು ವಾಕ್ಯ, ಬಿಟ್ಟ ಸ್ಥಳ ತುಂಬಿ, ಮುಗಿಯಿತು. ಬರುವ ಪ್ರಶ್ನೆ ನನಗೆ ಗೊತ್ತು, ಅದರ ಉತ್ತರ ಮಕ್ಕಳಿಗೆ ಬಾಯಿಪಾಠ. ಇದಕ್ಕೆ ಕುಸೈಸಿನ ತಂದೆತಾಯಂದಿರು ಇಟ್ಟ ಹೆಸರು ಸ್ಕೋರಿಂಗ್ ಸಬ್ಜೆಕ್ಟ್. ಭಾಷೆ ಎಂದು ಯಾರೂ ಕರೆಯುವುದಿಲ್ಲ.

ಈ ಶಬ್ದವನ್ನು ಭಕ್ತಿಯಿಂದ ಉಚ್ಚರಿಸುವವರಲ್ಲಿ ಅಲಿಕುಂಞಿಯವರನ್ನು ಮೀರಿಸಿದವರಿಲ್ಲ. ಉಪ್ಪಿನಂಗಡಿ ಕಡೆಯ ಬ್ಯಾರಿ, ಬಾತ್‌ರೂಮ್ ಫಿಟ್ಟಿಂಗ್ಸಿನ ಒಂದು ಗೋಡೌನಿನಲ್ಲಿ ಸ್ಟೋರ್ ಇನ್‌ಚಾರ್ಜ್. ಎಲ್ಲಿಗೆ ಹೋದರೂ ಕಂಕುಳಲ್ಲಿ ಒಂದು ನೀಲಿ ಫೈಲು. ಮಗಳು ಜಸೀಲ ಐದನೇ ಕ್ಲಾಸಿಗೆ ಬಂದಾಗ ಆ ಫೈಲು ಹಿಡಿದುಕೊಂಡೇ ನನ್ನ ಫ್ಲ್ಯಾಟಿಗೆ ಬಂದಿದ್ದರು. "ಟೀಚರ್, ಫ್ರೆಂಚ್ ತೆಗೆದ್ರೆ ಸ್ಕೋಪ್ ಉಂಟಾ?" ಎಂದು ಕೇಳಿದರು. ತೊಂಬತ್ತೈದು ಗ್ಯಾರಂಟಿ ಎಂದೆ. "ಖಲಾಸ್" ಎಂದು ಎದ್ದರು. ಫ್ರಾನ್ಸ್ ಎಲ್ಲಿದೆ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಮನೆಯ ಇನ್ನೊಂದು ಕಾನೂನನ್ನೂ ಹೇಳಬೇಕು. ಅಲಿಕುಂಞಿ ಮತ್ತು ಅವರ ಹೆಂಡತಿ ಜಮೀಲ ತಮ್ಮತಮ್ಮೊಳಗೆ ಮಾತಾಡುವುದು ಬ್ಯಾರಿ ಭಾಷೆ. ಮಗಳು ಕೋಣೆಯೊಳಗೆ ಕಾಲಿಟ್ಟರೆ ಸಾಕು, ಇಬ್ಬರೂ ಚಂಗನೆ ಇಂಗ್ಲಿಷಿಗೆ ಜಿಗಿಯುತ್ತಿದ್ದರು. ಬ್ಯಾರಿ ಕಿವಿಗೆ ಬಿದ್ದರೆ ಮಗುವಿನ ಇಂಗ್ಲಿಷ್ ಕೆಡುತ್ತದೆ ಎಂಬ ಹೆದರಿಕೆ. ಅಲಿಕುಂಞಿಯವರ ಇಂಗ್ಲಿಷೋ, ದೇವರಿಗೇ ಪ್ರೀತಿ. "ಜಸೀಲಾ, ಕಮ್ ನೋ, ಫಿಶ್ ಈಸ್ ದೇರ್, ವೈ ನಾಟ್ ಈಟಿಂಗ್?" ಬಾ, ತಿನ್ನು, ಓದು, ಹುಷಾರು, ಎಷ್ಟು ಮಾರ್ಕು? ಹೆಚ್ಚೆಂದರೆ ಇನ್ನೂರು ಶಬ್ದ. ತಂದೆ ಮಗಳ ನಡುವೆ ಹುಟ್ಟಿದಂದಿನಿಂದ ನಡೆದ ವ್ಯವಹಾರವೆಲ್ಲ ಆ ಇನ್ನೂರರೊಳಗೇ.

ನನ್ನ ಹತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ ನಡೆದ ಒಂದೇ ಒಂದು ಅಪಘಾತವೆಂದರೆ ಜಸೀಲ. ಅವಳು ಫ್ರೆಂಚನ್ನು ನಿಜವಾಗಿ ಕಲಿತುಬಿಟ್ಟಳು. ನಾನು ಕೊಟ್ಟ ನೋಟ್ಸ್ ಬದಿಗಿಟ್ಟು ಫೋನಿನಲ್ಲಿ ಫ್ರೆಂಚ್ ರೇಡಿಯೋ ಕೇಳುತ್ತಿದ್ದಳು. ಹತ್ತನೇ ಕ್ಲಾಸಿನಲ್ಲಿ ಒಂದು ದಿನ ಕೈಯೆತ್ತಿ, "ಮ್ಯಾಮ್, ನೀವು ಹೇಳುವ ಹಾಗೆ ಅಲ್ಲಿ ಯಾರೂ ಹೇಳುವುದಿಲ್ಲ" ಎಂದಳು, ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ. ಆವತ್ತು ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಪರೀಕ್ಷೆಯಲ್ಲಿ ತೊಂಬತ್ತೊಂಬತ್ತು ತೆಗೆದಳು. ಅಲಿಕುಂಞಿ ಎಲ್ಲರಿಗೂ ಲಡ್ಡು ಹಂಚಿದರು.

ಹನ್ನೆರಡನೇ ಕ್ಲಾಸು ಮುಗಿದ ಮೇಲೆ ಮಗಳು ಫಾರ್ಮಸಿ ಬೇಡ, ಬಿಕಾಂ ಬೇಡ ಎಂದಳು. ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಒಂದು ಯೂನಿವರ್ಸಿಟಿಯಲ್ಲಿ ಫ್ರೆಂಚ್ ಮತ್ತು ಕೆಲ್ಟಿಕ್ ಭಾಷೆ, ಸಂಸ್ಕೃತಿ ಓದುತ್ತೇನೆ, ಸ್ಕಾಲರ್‌ಶಿಪ್ಪೂ ಸಿಕ್ಕಿದೆ ಎಂದಳು. ಅಲಿಕುಂಞಿ ಹೌಹಾರಿ ನನ್ನಲ್ಲಿಗೆ ಓಡಿ ಬಂದರು.

"ಎಂತ ಟೀಚರ್ ಇದು? ನಾನು ಫ್ರೆಂಚ್ ಕೊಡಿಸಿದ್ದು ಮಾರ್ಕಿಗೆ. ಕಲಿಯಲಿಕ್ಕೆ ಹೇಳಿದವರು ಯಾರು?"

ನಾನಂತೂ ಅಲ್ಲ, ಆ ವಿಷಯದಲ್ಲಿ ನನ್ನ ಮನಸ್ಸಾಕ್ಷಿ ಶುದ್ಧ. ಕೆಲ್ಟಿಕ್ ಎಂದರೆ ಏನೆಂದು ಅವರು ಕೇಳಿದಾಗ ನನಗೂ ಗೊತ್ತಿರಲಿಲ್ಲ. ಐರ್ಲೆಂಡ್, ವೇಲ್ಸ್ ಕಡೆಯ ಹಳೆಯ ಭಾಷೆಗಳಂತೆ, ಅವುಗಳ ತಂಗಿಯೊಬ್ಬಳು ಬ್ರೆಟನ್ ಎಂಬ ಹೆಸರಿನಲ್ಲಿ ಫ್ರಾನ್ಸಿನ ಪಶ್ಚಿಮದ ಕಡಲ ತೀರದಲ್ಲಿ ಉಳಿದುಕೊಂಡಿದ್ದಾಳಂತೆ ಎಂದು ಆಮೇಲೆ ಜಸೀಲಳೇ ತಿಳಿಸಿದಳು. ಅಲಿಕುಂಞಿ ಒಪ್ಪಿದರು, ಆದರೆ ಅವರದೇ ರೀತಿಯಲ್ಲಿ. ಬ್ಯಾರಿ ಸಂಘದ ಇಫ್ತಾರಿನಲ್ಲಿ ಯಾರಾದರೂ ಮಗಳು ಏನು ಓದುತ್ತಾಳೆ ಎಂದು ಕೇಳಿದರೆ "ಇಂಟರ್‌ನ್ಯಾಷನಲ್ ಬಿಸಿನೆಸ್" ಎಂದು ಹೇಳಿ ಸಮೋಸಾ ಬಾಯಿಗಿಡುತ್ತಿದ್ದರು. ಬಾಯಿ ತುಂಬಿದವರನ್ನು ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲವಲ್ಲ.

ಕೊನೆಯ ವರ್ಷ, ವಾರಾಂತ್ಯಕ್ಕೆ ಮನೆಗೆ ಬಂದ ಜಸೀಲ ಊಟಕ್ಕೆ ಕೂತಾಗ ಕ್ಲಾಸಿನಲ್ಲಿ ಕೇಳಿದ್ದೊಂದನ್ನು ಹೇಳಿದಳಂತೆ. ಹಿಂದೆ ಬ್ರೆಟನ್ ಮಾತಾಡುವ ಮಕ್ಕಳು ಶಾಲೆಯಲ್ಲಿ ತಮ್ಮ ಭಾಷೆಯ ಒಂದು ಶಬ್ದ ಆಡಿದರೂ ಮಾಸ್ತರರು ಅವರ ಕೊರಳಿಗೆ ಒಂದು ಮರದ ತುಂಡನ್ನೋ ಹಳೇ ಚಪ್ಪಲಿಯನ್ನೋ ನೇತುಹಾಕುತ್ತಿದ್ದರು. ಆ ಮಕ್ಕಳು ದೊಡ್ಡವರಾಗಿ ತಂದೆತಾಯಿಯರಾದಾಗ ತಮ್ಮ ಮಕ್ಕಳ ಜೊತೆ ಬ್ರೆಟನ್ ಮಾತಾಡಲೇ ಇಲ್ಲ. ಇಷ್ಟು ಕೇಳಿದ್ದೇ ಅಲಿಕುಂಞಿ ಅರ್ಧ ಊಟಕ್ಕೆ ಕೈತೊಳೆದು ಎದ್ದುಹೋದರಂತೆ. ಗ್ಯಾಸ್ ಆಗಿರಬೇಕು ಎಂದು ಜಮೀಲ ಜೀರಿಗೆ ನೀರು ಕೊಟ್ಟರು.

ಕೊನೆಯ ಪರೀಕ್ಷೆಗೆ ಒಂದು ಮೌಖಿಕ ಇತ್ತು. ವಿದ್ಯಾರ್ಥಿಯು ತನ್ನ ಮನೆಯ ಹಿರಿಯರೊಬ್ಬರ ಜೊತೆ ಮನೆಭಾಷೆಯಲ್ಲಿ ಹದಿನೈದು ನಿಮಿಷ ಮಾತಾಡಬೇಕು, ನಡುವೆ ಬೇರೆ ಭಾಷೆ ನುಗ್ಗಿದರೆ ರೆಕಾರ್ಡಿಂಗ್ ಅಲ್ಲಿಗೇ ನಿಲ್ಲುತ್ತದೆ, ಆಮೇಲೆ ಅದನ್ನು ಫ್ರೆಂಚಿಗೆ ಅನುವಾದಿಸಿ ಕೊಡಬೇಕು. ಅದರಲ್ಲಿ ಮೊದಲು ಬಂದವರಿಗೆ ಬ್ರೆಟನ್ ಭಾಷೆಯ ನಾಡಾದ ಫ್ರಾನ್ಸಿನ ಬ್ರಿಟನಿಯಲ್ಲಿ ಮುಂದೆ ಓದಲು ಸೀಟು, ಖರ್ಚೆಲ್ಲ ಯೂನಿವರ್ಸಿಟಿಯದೇ. ಜಸೀಲಳಿಗೆ ಆ ಸೀಟು ಬೇಕಿತ್ತು. ಅವಳು ಬೇರೆ ಏನನ್ನೂ ಅಷ್ಟು ಆಸೆಪಟ್ಟು ಕೇಳಿದ್ದನ್ನು ನಾನು ನೋಡಿಲ್ಲ.

ಈಗ ಯಾವ ತಂದೆಯಾದರೂ ಏನು ಮಾಡುತ್ತಾನೆ? ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡುತ್ತಾನೆ. ಅಲಿಕುಂಞಿ ನೀಲಿ ಫೈಲು ತೆಗೆದುಕೊಂಡು ನನ್ನ ಮನೆಯ ಬೆಲ್ ಒತ್ತಿದರು.

"ಟೀಚರ್, ಒಂದು ಹೆಲ್ಪ್ ಆಗ್ಬೇಕಿತ್ತು. ಇಲ್ಲಿ ಎಲ್ಲಿಯಾದ್ರೂ ಬ್ಯಾರಿ ಟ್ಯೂಷನ್ ಕೊಡುವವರು ಇದ್ದಾರಾ?"

"ಯಾರಿಗೆ?"

"ಮಗಳಿಗೆ."

"ನೀವು ಮನೆಯಲ್ಲಿ ಮಾತಾಡುದು ಎಂತ ಅಲಿಕುಂಞಿಯವರೇ, ಜಪಾನೀಸಾ?"

"ಬ್ಯಾರಿಯೇ. ಆದ್ರೆ ಅದು ಮನೆದ್ದು ಟೀಚರ್. ಪರೀಕ್ಷೆಗೆ ಆಗುವಂಥದ್ದು ಬೇಕಲ್ಲ, ಸ್ವಲ್ಪ ಸಿಸ್ಟಮೆಟಿಕ್."

ನಾನು ನಕ್ಕು ಅವರನ್ನು ಕಳಿಸಬೇಕಿತ್ತು. ಕಳಿಸಲಿಲ್ಲ. ಪಾಣೆಮಂಗಳೂರಿನಲ್ಲಿ ನಮ್ಮ ಪಕ್ಕದ ಮನೆ ಬ್ಯಾರಿಗಳದ್ದು, ನನಗೆ ಆ ಭಾಷೆ ಚೆನ್ನಾಗಿ ಅರ್ಥವಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಪರೀಕ್ಷೆ ಎಂಬ ಶಬ್ದ ಕಿವಿಗೆ ಬಿದ್ದರೆ ನನ್ನ ಕೈ ತನ್ನಷ್ಟಕ್ಕೇ ಇಂಪಾರ್ಟೆಂಟ್ ಪ್ರಶ್ನೆಗಳ ಪಟ್ಟಿ ಮಾಡತೊಡಗುತ್ತದೆ. ಮಗಳು ಕೇಳಲಿಕ್ಕೆ, ತಂದೆ ಉತ್ತರಿಸಲಿಕ್ಕೆ ಇಪ್ಪತ್ತು ಪ್ರಶ್ನೆ ತಯಾರಾಯಿತು. ನಿಮ್ಮ ಊರು ಯಾವುದು? ಊರಿನ ಹೊಳೆಯ ಬಗ್ಗೆ ಹೇಳಿ. ಬಾಲ್ಯದ ಹಬ್ಬ ಹೇಗಿತ್ತು? ದುಬೈಗೆ ಬಂದದ್ದು ಯಾವಾಗ? ಜಮೀಲ ಬ್ಯಾರಿಯಲ್ಲಿ ಉತ್ತರ ಹೇಳಿದರು, ಮಗಳಿಗೂ ಓದಲು ಬರಲಿ ಎಂದು ಪ್ರಶ್ನೆ ಉತ್ತರ ಎರಡನ್ನೂ ನಾನು ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ಪರೀಕ್ಷೆಗೆ ಜಮೀಲರನ್ನೇ ಕರೆದುಕೊಂಡು ಹೋಗಬಹುದಿತ್ತು. ಆದರೆ ಆಕೆ ಬಾಯಿ ತೆರೆದರೆ ಸಿಲೆಬಸ್ ಬಿಟ್ಟು ಹೋಗುತ್ತಾಳೆ ಎಂದು ಅಲಿಕುಂಞಿ ಒಪ್ಪಲಿಲ್ಲ.

ಹೀಗೆ ಐವತ್ತೆರಡು ವರ್ಷದ ಮನುಷ್ಯ ತನ್ನದೇ ಬಾಲ್ಯವನ್ನು ಬಾಯಿಪಾಠ ಮಾಡತೊಡಗಿದ. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಒಂದು ಉತ್ತರ, ಗೋಡೌನಿನಲ್ಲಿ ನಲ್ಲಿಗಳ ಪೆಟ್ಟಿಗೆ ಎಣಿಸುವಾಗ ಇನ್ನೊಂದು. ಸಂಜೆ ನನ್ನ ಮುಂದೆ ಕೂತು ಒಪ್ಪಿಸುತ್ತಿದ್ದರು. "ಏಳನೇ ಉತ್ತರದಲ್ಲಿ ನಿಮ್ಮ ಅಜ್ಜಿ ಬಿಟ್ಟುಹೋದರು" ಎಂದು ನಾನು ತಿದ್ದುತ್ತಿದ್ದೆ. "ಹೌದಲ್ಲ" ಎಂದು ತಲೆ ಚಚ್ಚಿಕೊಳ್ಳುತ್ತಿದ್ದರು. ಮಗಳು ಮಾತ್ರ ಒಂದೇ ಹಟ ಹಿಡಿದಿದ್ದಳು. ಉಪ್ಪಾ, ಇದೆಲ್ಲ ಬೇಡ, ಸುಮ್ಮನೆ ನನ್ನ ಜೊತೆ ಮಾತಾಡಿ ಎಂದು ಇಂಗ್ಲಿಷಿನಲ್ಲಿ ಬೇಡಿಕೊಂಡಳು. "ವಿದೌಟ್ ಪ್ರಿಪರೇಷನ್ ಹೌ ಟಾಕ್?" ಎಂದು ಇವರು ಗದರಿದರು.

ಆ ದಿನ ಅಲಿಕುಂಞಿ ಸೂಟು ತೊಟ್ಟರು. ಮೌಖಿಕ ಪರೀಕ್ಷೆಗೆ ಟ್ಯೂಷನ್ ಟೀಚರನ್ನೂ ಕಾರಿನಲ್ಲಿ ಹಾಕಿಕೊಂಡು ಹೋದ ತಂದೆ ಆ ಯೂನಿವರ್ಸಿಟಿಯ ಚರಿತ್ರೆಯಲ್ಲಿ ಇವರೊಬ್ಬರೇ ಇರಬೇಕು. ಎತ್ತರದ ಕಟ್ಟಡದ ಕೋಣೆ, ಕಿಟಕಿಯಾಚೆ ಸಮುದ್ರ. ಪರೀಕ್ಷಕಿ ಬ್ರಿಟನಿಯಿಂದಲೇ ಬಂದ ಪ್ರೊಫೆಸರ್, ಅರುವತ್ತು ದಾಟಿದ ಹೆಂಗಸು, ತಲೆಕೂದಲು ಚಿಕ್ಕದಾಗಿ ಕತ್ತರಿಸಿಕೊಂಡಿದ್ದರು. ಮೇಜಿನ ಮೇಲೆ ರೆಕಾರ್ಡರ್ ಇಟ್ಟು ತಲೆಯಾಡಿಸಿದರು. ನಾನು ಹಿಂದಿನ ಕುರ್ಚಿಯಲ್ಲಿ ಕೂತೆ.

ಜಸೀಲ ಕೇಳಿದಳು, ಅಲಿಕುಂಞಿ ಕಣ್ಣು ಮುಚ್ಚಿ ಮದರಸದ ಹುಡುಗನ ಹಾಗೆ ಒಪ್ಪಿಸಿದರು. ಹೊಳೆ ಬಂತು, ಹಬ್ಬ ಬಂತು, ಅಜ್ಜಿ ಕೂಡ ತಪ್ಪದೆ ಬಂದರು. ಪ್ರೊಫೆಸರ್ ಮುಗುಳ್ನಗುತ್ತಿದ್ದರು. ನನಗೆ ಹೆಮ್ಮೆಯೆನಿಸಿತು, ಅದನ್ನು ಈಗ ಹೇಳಲು ನಾಚಿಕೆ. ಹನ್ನೊಂದನೇ ನಿಮಿಷಕ್ಕೆ ಜಸೀಲ ಪ್ರಶ್ನೆಯ ಹಾಳೆಯನ್ನು ಮಗುಚಿ ಮೇಜಿನ ಮೇಲಿಟ್ಟಳು. ಅಲ್ಲಿ ಇಲ್ಲಿ ಹೆಕ್ಕಿದ ಶಬ್ದಗಳನ್ನು ಜೋಡಿಸಿ, ತಡವರಿಸಿ, ಬ್ಯಾರಿಯಲ್ಲೇ ಒಂದು ಪ್ರಶ್ನೆ ಕೇಳಿದಳು. ಉಪ್ಪಾ, ಉಮ್ಮನ ಹತ್ತಿರ ಈ ಭಾಷೆ ಮಾತಾಡುತ್ತೀರಿ, ನನ್ನ ಹತ್ತಿರ ಯಾಕೆ ಮಾತಾಡಲಿಲ್ಲ?

ಅದು ಇಪ್ಪತ್ತರಲ್ಲಿ ಇರಲಿಲ್ಲ. ಅಲಿಕುಂಞಿ ಕಣ್ಣು ತೆರೆದು ತಿರುಗಿ ನನ್ನನ್ನು ನೋಡಿದರು. ಬರುವುದಿಲ್ಲ ಎಂದು ಟೀಚರ್ ಕೈಬಿಟ್ಟ ಪಾಠವೇ ಪರೀಕ್ಷೆಗೆ ಬಂದರೆ ಮಕ್ಕಳು ಹಾಗೆ ನೋಡುತ್ತಾರೆ. ಮತ್ತೆ ಮಗಳ ಮುಖ ನೋಡಿದರು. ಆ ಮುಖ ಕಂಡರೆ ಅವರ ನಾಲಿಗೆ ಹೊರಳುವುದು ಒಂದೇ ಕಡೆಗೆ.

"ಫಾರ್ ಯುವರ್ ಫ್ಯೂಚರ್ ಓನ್ಲಿ" ಎಂದರು.

ಪ್ರೊಫೆಸರ್ ಕೈ ಚಾಚಿ ರೆಕಾರ್ಡರ್ ನಿಲ್ಲಿಸಿದರು. ವಾಪಸು ಬರುವಾಗ ಅಬುಧಾಬಿಯಿಂದ ಕುಸೈಸಿನವರೆಗೆ ಕಾರಿನಲ್ಲಿ ಯಾರೂ ಯಾವ ಭಾಷೆಯನ್ನೂ ಮಾತಾಡಲಿಲ್ಲ.

ಎರಡು ವಾರಕ್ಕೆ ಫಲಿತಾಂಶ ಬಂತು. ಜಸೀಲಳಿಗೆ ಎಪ್ಪತ್ತೊಂದು. ಸೀಟು ಅವಳ ಕ್ಲಾಸಿನ ಮೊರಾಕ್ಕೊದ ಹುಡುಗಿಗೆ ಹೋಯಿತು. ಆ ಹುಡುಗಿಯ ಅಜ್ಜಿ ಹದಿನೈದು ನಿಮಿಷದ ಪರೀಕ್ಷೆಯಲ್ಲಿ ನಲವತ್ತು ನಿಮಿಷ ತನ್ನ ಸೊಸೆಯನ್ನು ಬೈದರಂತೆ, ಯಾವ ತಯಾರಿಯೂ ಇಲ್ಲದೆ. ಫ್ರೆಂಚಿನಲ್ಲಿ ತೊಂಬತ್ತೊಂಬತ್ತು ತೆಗೆದ ಹುಡುಗಿಗೆ ಮನೆಭಾಷೆಯಲ್ಲಿ ಎಪ್ಪತ್ತೊಂದು. ಸುದ್ದಿ ಕೇಳಿದ ಮರುದಿನ ಸಂಜೆಯೇ ನೀಲಿ ಫೈಲು ನನ್ನ ಸೋಫಾದ ಮೇಲಿತ್ತು.

"ಟೀಚರ್, ಇದಕ್ಕೆ ರೀವ್ಯಾಲ್ಯುವೇಶನ್ ಉಂಟಾ?"

ನನಗೆ ತಡೆಯಲಾಗಲಿಲ್ಲ. "ಯಾವುದರ ರೀವ್ಯಾಲ್ಯುವೇಶನ್ ಮಾರಾಯ್ರೆ? ಸ್ವಂತ ಮಗಳು ಒಂದು ಪ್ರಶ್ನೆ ಕೇಳಿದ್ದಕ್ಕೆ ಬಾಯಿಗೆ ಬಂದದ್ದು ನಾಲ್ಕು ಇಂಗ್ಲಿಷ್ ಶಬ್ದ. ಅವಳ ಸೀಟು ಹಾಳುಮಾಡಿದ್ದು ನೀವು. ನಾನೂ ಕೂಡ. ಈಗಲಾದರೂ ಆ ಫೈಲು ಮುಚ್ಚಿ, ಮನೆಗೆ ಹೋಗಿ ಅವಳತ್ರ ಮಾತಾಡಿ."

ಅಲಿಕುಂಞಿ ಫೈಲಿನ ರಬ್ಬರ್ ಎಳೆಯುತ್ತಾ, ಬಿಡುತ್ತಾ ಕೂತರು. ಸಿಟ್ಟು ಮಾಡುತ್ತಾರೆ ಅಂದುಕೊಂಡೆ. ಮಾಡಲಿಲ್ಲ. ಮಗಳು ಜಗಳವನ್ನೂ ಆಡಲಿಲ್ಲ ಎಂದರು. ಬಾ ಎಂದರೆ ಬರುತ್ತಾಳೆ, ತಿನ್ನು ಎಂದರೆ ತಿನ್ನುತ್ತಾಳೆ, ಅಷ್ಟೆ. ಆಮೇಲೆ, ನಾನು ಕೇಳದೆಯೇ, ಇಪ್ಪತ್ತರಲ್ಲಿ ಇಲ್ಲದ ಉತ್ತರ ಹೊರಬಂತು.

"ಊರಲ್ಲಿ ನಾನು ಐದನೇ ಕ್ಲಾಸಲ್ಲಿ ಇರುವಾಗ ಒಂದು ಸಲ ನನ್ನನ್ನು ಪಾಠ ಓದ್ಲಿಕ್ಕೆ ನಿಲ್ಲಿಸಿದ್ರು ಟೀಚರ್. ನನ್ನ ಕನ್ನಡ ನಮ್ಮ ಬ್ಯಾರಿಯ ಹಾಗೆ ಬರ್ತಿತ್ತು. ಮಾಸ್ತರ್ರು ನನ್ನ ಹಾಗೇ ಅಣಕಿಸಿ ತೋರಿಸಿದ್ರು, ಮಕ್ಕಳೆಲ್ಲ ನಗಾಡಿದ್ರು. ಮರುದಿನ ಪಕ್ಕದ ಕ್ಲಾಸಿಗೂ ಕರ್ಕೊಂಡು ಹೋಗಿ ಅದೇ ಸಾಲು ಓದಿಸಿದ್ರು. ಮತ್ತೆ ಅದರ ಪಕ್ಕದ ಕ್ಲಾಸಿಗೆ. ಒಂದು ವಾರ ಹಾಗೇ. ಮತ್ತೆ ನಾನು ಶಾಲೆಗೆ ಹೋಗ್ಲಿಲ್ಲ. ಇವಳು ಹುಟ್ಟಿದ ದಿವಸ ಆಸ್ಪತ್ರೆಯಲ್ಲಿ ಜಮೀಲನ ಹತ್ರ ಹೇಳಿದ್ದೆ, ಈ ಮಗುವಿನ ಬಾಯಿಗೆ ಆ ಶಬ್ದ ಹೋಗ್ಲಿಕ್ಕೇ ಬಿಡುದು ಬೇಡ ಅಂತ."

ಅರ್ಧ ಊಟಕ್ಕೆ ಅವರು ಎದ್ದುಹೋದದ್ದು ಗ್ಯಾಸಿಗಲ್ಲ ಎಂದು ನನಗೆ ಆಗ ಹೊಳೆಯಿತು. ಎರಡು ಕೊಟ್ಟು ಕಳಿಸಬೇಕು ಅಂದುಕೊಂಡಿದ್ದವಳು ಎದ್ದು ಅವರಿಗೆ ಒಂದು ಲೋಟ ನೀರು ತಂದುಕೊಟ್ಟೆ.

"ಇದನ್ನೇ ಅವಳಿಗೆ ಹೇಳಿ ಅಲಿಕುಂಞಿಯವರೇ" ಎಂದೆ. "ಹೀಗೆಯೇ, ನನಗೆ ಹೇಳಿದ ಹಾಗೆ."

"ಹೇಗೆ ಹೇಳುದು ಟೀಚರ್? ಇಷ್ಟುದ್ದ ಬ್ಯಾರಿ ಅವಳಿಗೆ ಅರ್ಥ ಆಗುದಿಲ್ಲ. ಕನ್ನಡ ಮೊದಲೇ ಮಾಫಿ, ಒಂದಕ್ಷರ ಇಲ್ಲ. ಇಂಗ್ಲಿಷಲ್ಲಿ ಹೇಳ್ಲಿಕ್ಕೆ ನಂಗೆ ಅಷ್ಟು ಇಂಗ್ಲಿಷ್ ಬರುದಿಲ್ಲ." ಫೈಲು ಬಿಚ್ಚಿ ಒಂದು ಬಿಳಿ ಹಾಳೆ ತೆಗೆದು ನನ್ನ ಮುಂದಿಟ್ಟರು. "ನೀವೇ ಬರೆದು ಕೊಡಿ ಟೀಚರ್. ಬಾಯಿಪಾಠ ಮಾಡಿ ಹೇಳ್ತೇನೆ."